ಗಾಜಿಗಂಟಿದ ಜಿಡ್ಡು

ನನ್ನ ಸೊಸೆ ಗಾಜಿನ ಬಿಲ್ಲೆಯಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆ ಕೊರೆದು ಅದರಲ್ಲಿ ನೀರು ಹರಿಸುತ್ತಾಳೆ ಎಂದರೆ ನಮ್ಮ ಅರಸೀಕೆರೆ ಕಡೆಯವರು ಯಾರೂ ನಂಬುವುದಿಲ್ಲ. ಒಮ್ಮೆ ಫೋನಿನಲ್ಲಿ ನನ್ನ ವಾರಗಿತ್ತಿಗೆ ಹೇಳಿದೆ. "ಅದರಿಂದ ಯಾವ ತೆಂಗಿನ ತೋಟಕ್ಕೆ ನೀರು ಬಿಡ್ತಾಳಂತೆ?" ಎಂದು ಕಿಸಕ್ಕನೆ ನಕ್ಕಳು. ನಾನು ಫೋನು ಇಟ್ಟುಬಿಟ್ಟೆ. ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಪ್ರಯೋಜನ? ಹಾಗೆಂದು ನಾನೇನು ದೊಡ್ಡ ಓದಿನವಳಲ್ಲ, ಎಸ್ಸೆಸ್ಸೆಲ್ಸಿಗೆ ನನ್ನ ವಿದ್ಯೆ ನಿಂತಿತು. ನನಗೆ ತಿಳಿದದ್ದೆಲ್ಲ ಗೌತಮಿ ಹೇಳಿದ್ದು, ಶನಿವಾರ ಶನಿವಾರ ನನ್ನ ಎರಡು ಮಂಡಿಗಳ ನಡುವೆ ತಲೆ ಕೊಟ್ಟುಕೊಂಡು ಕೂತಾಗ ಹೇಳಿದ್ದು.

ಗೌತಮಿ ನನ್ನ ಹಿರಿಯ ಮಗ ಪ್ರವೀಣನ ಹೆಂಡತಿ. ಅಹಮದಾಬಾದಿನ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಪ್ರವೀಣ ಹೋಗಿ ಮೂರು ವರ್ಷವಾಯಿತು. ಬೆಳಿಗ್ಗೆ ಎದೆ ಹಿಡಿದುಕೊಂಡ ಹಾಗಾಗುತ್ತದೆ ಎಂದ, ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದುಹೋಯಿತು. ಮಕ್ಕಳಿರಲಿಲ್ಲ. ಅದೇ ಊರಿನ ವಸ್ತ್ರಾಪುರದ ಕೆರೆಯ ಹಿಂದಿನ ಬೀದಿಯ ಅಪಾರ್ಟ್‌ಮೆಂಟಿನಲ್ಲಿ ಗೌತಮಿಯ ಮನೆ. ಅದರಲ್ಲಿ ಉಳಿದವರು ನಾವಿಬ್ಬರೇ. ನಡುವೆ ಇದ್ದವನೇ ಹೋದ ಮೇಲೆ ಅತ್ತೆ ಎಂದರೆ ಏನು, ಸೊಸೆ ಎಂದರೆ ಏನು? ನನ್ನ ಕಿರಿಯ ಮಗ ಹರೀಶ ವಿಮಾ ಕಚೇರಿಯ ಕೆಲಸದಲ್ಲಿ ಸೂರತ್ತಿನಲ್ಲಿದ್ದಾನೆ, ಹೆಂಡತಿ ಮಗಳ ಜೊತೆ. ಯುಗಾದಿಗೆ ಚಾಂದ್‌ಖೇಡಾದಲ್ಲಿ ಕನ್ನಡದವರೆಲ್ಲ ಸೇರಿದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು: "ಅಲ್ಲಾ ಪದ್ಮಮ್ಮ, ಹೊಟ್ಟೇಲಿ ಹುಟ್ಟಿದ ಮಗ ಅಲ್ಲಿರೋವಾಗ ನೀವು ಇಲ್ಯಾಕಿದೀರಾ?"

ಏನು ಹೇಳಲಿ? ನನಗೆ ಇಲ್ಲಿ ಇರುವ ಆಸೆ. ಪ್ರವೀಣನ ಹೆಲ್ಮೆಟ್ಟು ಇನ್ನೂ ಚಪ್ಪಲಿ ಸ್ಟ್ಯಾಂಡಿನ ಮೇಲಿದೆ. ನಾನೂ ತೆಗೆದಿಲ್ಲ, ಅವಳೂ ತೆಗೆದಿಲ್ಲ. ಆದರೆ ಆಸೆ ಇದ್ದ ಮಾತ್ರಕ್ಕೆ ಹಕ್ಕು ಬರುತ್ತದೆಯೇ? ಗೌತಮಿ ಒಂದು ದಿನವೂ "ಹೋಗಿ" ಎಂದಿರಲಿಲ್ಲ. "ಇರಿ" ಎಂದೂ ಅಂದಿರಲಿಲ್ಲ. ಆ ಒಂದು ಮಾತಿಗಾಗಿ ನಾನು ಇಷ್ಟು ಕಾಲ ಕಿವಿ ಕೊಟ್ಟುಕೊಂಡು ಕೂತಿದ್ದೆ.

ವಾರದ ದಿನಗಳಲ್ಲಿ ನಮ್ಮ ನಡುವೆ ಮಾತೆಂದರೆ ಅಷ್ಟಕ್ಕಷ್ಟೇ. "ಮಾತ್ರೆ ತಗೊಂಡ್ರಾ ಅತ್ತೆ?" "ತಗೊಂಡೆ. ಊಟ ಬಡಿಸಲಾ?" "ನಾನೇ ಬಡಿಸ್ಕೋತೀನಿ." ಅವಳು ಬೆಳಿಗ್ಗೆ ಸ್ಕೂಟಿ ಹತ್ತಿ ಹೋದರೆ ಬರುವುದು ಕತ್ತಲಾದ ಮೇಲೆ. ಹಗಲೆಲ್ಲ ನಾನು, ಗೋಡೆ, ಟೀವಿ. ಪಕ್ಕದ ಮನೆಯ ಕೋಕಿಲಾಬೆನ್ ಬಾಗಿಲಲ್ಲಿ ನಿಂತು "ಕೇಮ್ ಛೋ ಪದ್ಮಾಬೆನ್?" ಎನ್ನುತ್ತಾರೆ, "ಮಜಾಮಾ" ಎನ್ನುತ್ತೇನೆ, ಸುಖವಾಗಿದ್ದೇನೆ ಎಂದು. ನಲವತ್ತು ವರ್ಷ ಈ ಗುಜರಾತಿನಲ್ಲಿದ್ದು ಆ ಸುಳ್ಳನ್ನು ಚೆನ್ನಾಗಿ ಕಲಿತಿದ್ದೇನೆ.

ಶನಿವಾರ ಮಾತ್ರ ಬೇರೆ. ಶನಿವಾರ ಎಣ್ಣೆ ನೀರು. ಊರಿನಿಂದ ಬರುವ ಗಾಣದ ಕೊಬ್ಬರಿ ಎಣ್ಣೆಗೆ ಇಲ್ಲಿಯ ಹರಳೆಣ್ಣೆ ಸೇರಿಸಿ, ನಾಲ್ಕು ಕಾಳು ಮೆಂತ್ಯ ಹಾಕಿ ಬೆಚ್ಚಗೆ ಮಾಡುತ್ತೇನೆ. ಇವರು ಹರಳೆಣ್ಣೆಗೆ ದಿವೇಲ್ ಎನ್ನುತ್ತಾರೆ. ನಮ್ಮ ಕಡೆಯದಕ್ಕಿಂತ ಒಳ್ಳೆಯದು, ಒಪ್ಪಿಕೊಳ್ಳಬೇಕು. ಹೆಂಗಸರು ತಲೆಗೆ ಎಣ್ಣೆ ಇಟ್ಟುಕೊಳ್ಳುವ ವಾರ ಮಂಗಳವಾರ, ಶುಕ್ರವಾರ. ಆದರೆ ಸರ್ಕಾರ ರಜೆ ಕೊಡುವುದು ಶನಿವಾರ, ಏನು ಮಾಡುವುದು? ನಾನು ಮೋಡ ಹಾಕಿದ ಹಾಗೆ ಮುಖ ಮಾಡಿಕೊಂಡು ಆ ವಾರವನ್ನೇ ಒಪ್ಪಿಕೊಂಡೆ. ನಾನು ಕುರ್ಚಿಯ ಮೇಲೆ, ಅವಳು ನೆಲದ ಮೇಲೆ. ನೆತ್ತಿಗೆ ಎಣ್ಣೆ ಒತ್ತುತ್ತಿದ್ದರೆ ಅವಳ ಬಾಯಿ ತಾನಾಗಿ ಬಿಚ್ಚುತ್ತಿತ್ತು.

"ಅಲ್ವೇ, ಪಂಪು ಇಲ್ದೆ ಆ ನೀರು ಹೆಂಗೇ ಓಡುತ್ತೆ?" ಎಂದು ಒಂದು ಶನಿವಾರ ಕೇಳಿದೆ.

"ಗಾಜಿನ ಗೋಡೆ ನೀರು ಮುಟ್ಟಿದ ಕೂಡಲೇ ಮೈನಸ್ ಆಗುತ್ತೆ ಅತ್ತೆ. ನೀರೊಳಗಿರೋ ಪ್ಲಸ್ ಎಲ್ಲಾ ಬಂದು ಆ ಗೋಡೆ ಪಕ್ಕ ಸಾಲಾಗಿ ನಿಂತ್ಕೊಳ್ಳುತ್ತೆ, ತೆಳ್ಳಗೆ. ಕಾಲುವೆಯ ಎರಡು ತುದಿಗೂ ಕರೆಂಟು ಕೊಟ್ರೆ ಆ ಸಾಲು ಮೈನಸ್ ತುದಿ ಕಡೆ ಜಾರುತ್ತೆ. ಜಾರುವಾಗ ಮಿಕ್ಕ ನೀರನ್ನೂ ಎಳ್ಕೊಂಡು ಹೋಗುತ್ತೆ."

"ಅಷ್ಟು ತೆಳ್ಳಗಿರೋದು ಇಷ್ಟೂ ನೀರನ್ನ ಎಳೆಯುತ್ತಾ?"

"ಇಷ್ಟು ಅಂದ್ರೆ ಎಷ್ಟು? ಕೂದಲಷ್ಟು ಕಾಲುವೆ! ಸಾಬರಮತಿಯಷ್ಟು ದೊಡ್ಡದಾಗಿದ್ರೆ ದಡ ಹೆಂಗಿದ್ರೂ ನೀರು ತನ್ನ ಪಾಡಿಗೆ ತಾನು ಹೋಗುತ್ತೆ. ಇಷ್ಟು ಸಣ್ಣದ್ರಲ್ಲಿ ಗೋಡೆ ಹೇಳಿದ್ದೇ ಮಾತು. ಗೋಡೆಗೆ ಏನಾದ್ರೂ ಅಂಟಿದ್ರೆ ಮುಗೀತು ಕಥೆ."

ಮೆಹಸಾಣಾ ಕಡೆಯ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಂತೆ, ಮಕ್ಕಳ ಹಲ್ಲು ಕಂದು ತಿರುಗುತ್ತದಂತೆ. ಒಂದು ಹನಿ ನೀರು ಬಿಟ್ಟರೆ ಆ ಗಾಜಿನ ಬಿಲ್ಲೆಯೇ ಕುಡಿಯಬಹುದು, ಕುಡಿಯಬಾರದು ಎಂದು ಹೇಳಿಬಿಡಬೇಕು. ಪ್ರವೀಣ ಇದ್ದಾಗಲೇ ಅವಳು ಹಿಡಿದ ಕೆಲಸ ಅದು. ಅವನ ವೈಕುಂಠ ಸಮಾರಾಧನೆ ಮುಗಿದ ಮರುದಿನವೇ ಲ್ಯಾಬಿಗೆ ಹೊರಟು ನಿಂತಾಗ ನೆಂಟರು ಮೂಗಿನ ಮೇಲೆ ಬೆರಳಿಟ್ಟರು. ನಾನೇ ಡಬ್ಬಿಗೆ ಚಿತ್ರಾನ್ನ ಹಾಕಿ ಕಳಿಸಿದೆ. ಮನೆಯಲ್ಲಿ ಕೂತು ಅವಳು ಆ ಹೆಲ್ಮೆಟ್ಟು ನೋಡುವುದಕ್ಕಿಂತ ಗಾಜು ನೋಡಲಿ ಎಂದು.

ಹೋದ ಚಳಿಗಾಲದಲ್ಲಿ ಗಾಜಿನೊಳಗಿನ ನೀರು ಕೈಕೊಡಲು ಶುರುಮಾಡಿತು. ಮೈನಸ್ ತುದಿಗೆ ಹೋಗಬೇಕಾದ ನೀರು ಹಿಂದಕ್ಕೆ ತಿರುಗಿ ಪ್ಲಸ್ ತುದಿಗೆ ಹರಿಯುತ್ತಿತ್ತು. ದಿನವೂ ಹಾಗಾಗಿದ್ದರೆ ಕಾರಣ ಹುಡುಕಬಹುದಿತ್ತು. ಇದು ಸೋಮವಾರ ಉಲ್ಟಾ, ಮಂಗಳವಾರ ಅರೆಬರೆ, ಗುರುವಾರದ ಹೊತ್ತಿಗೆ ಸಾಧು ಪ್ರಾಣಿ. ಅವಳು ನೀರು ಬದಲಾಯಿಸಿದಳು, ಗಾಜು ಬದಲಾಯಿಸಿದಳು, ತಂತಿ ಬದಲಾಯಿಸಿದಳು. ದಿಲ್ಲಿಯಿಂದ ಕೆಲಸ ನೋಡಲು ಬರುವವರ ದಿನ ಹತ್ತಿರವಾಗುತ್ತಿತ್ತು. ಅವರಿಗೆ ಒಪ್ಪಿಗೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ ಎಂದಳು. ರಾತ್ರಿ ಅನ್ನ ಕಲಸಿ ಕಲಸಿ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಳು.

ಅದೇ ಚಳಿಗಾಲದಲ್ಲಿ ನಮ್ಮ ಬಚ್ಚಲಿನಲ್ಲಿ ಗುಲಾಬಿ ಬಣ್ಣದ ಬಾಟಲಿಯೊಂದು ಕಾಣಿಸಿಕೊಂಡಿತು. ಭಾನುವಾರ ಸಂಜೆ ಗೌತಮಿ ಮತ್ತೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. "ನಿನ್ನೆ ತಾನೇ ಸೀಗೇಪುಡಿ ಹಾಕಿ ಉಜ್ಜಿದೀನಲ್ಲೇ, ಮತ್ತೆಂಥಾ ಸ್ನಾನ?" ಎಂದರೆ "ಧೂಳು ಅತ್ತೆ" ಎನ್ನುತ್ತಿದ್ದಳು. ಅಹಮದಾಬಾದಿನಲ್ಲಿ ಧೂಳಿಗೇನು ಬರ?

ಒಂದು ಸೋಮವಾರ ಸಂಜೆ ಇಲ್ಲಿಯ ಪಾಪಡಿ ಕಾಯಿ ಸುಲಿದು ಅವರೆಕಾಳೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಉಪ್ಪಿಟ್ಟು ಮಾಡಿದ್ದೆ. ಗೌತಮಿ ಬಂದವಳೇ ಹೆಗಲಿನ ಚೀಲವನ್ನು ಸೋಫಾದ ಮೇಲೆ ಬಿಸಾಕಿದಳು.

"ಇವತ್ತೂ ಉಲ್ಟಾ" ಎಂದಳು.

"ಸರಿಹೋಗುತ್ತೆ ಬಿಡೇ. ನಿಂಗೆ ತಲೆ ಕಾದಿದೆ. ಶನಿವಾರ ಇನ್ನೊಂಚೂರು ಜಾಸ್ತಿ ಎಣ್ಣೆ ಒತ್ತುತೀನಿ, ತಂಪಾಗುತ್ತೆ" ಎಂದೆ.

ಅವಳು ಗಕ್ಕನೆ ನಿಂತು ನನ್ನನ್ನೇ ನೋಡಿದಳು. ಲೆಕ್ಕ ತಾಳೆಯಾದವರ ಮುಖವಾಯಿತು ಅದು.

"ಎಣ್ಣೆ" ಎಂದಳು. "ಶನಿವಾರ ಎಣ್ಣೆ, ಸೋಮವಾರ ಉಲ್ಟಾ. ಅಯ್ಯೋ, ನಿಮ್ಮ ಎಣ್ಣೆಯಿಂದಲೇ ಅತ್ತೆ ಇಷ್ಟೆಲ್ಲಾ! ಆ ಜಿಡ್ಡು ನನ್ನ ತಲೇಲಿದೆ, ದಿಂಬಲ್ಲಿದೆ, ಬಾಗಿಲ ಹಿಡೀಲಿದೆ, ಈ ಮನೆ ತುಂಬಾ ಇದೆ. ಎಷ್ಟು ತೊಳೆದ್ರೂ ಹೋಗಲ್ಲ. ಇಷ್ಟು ವರ್ಷದ ಕೆಲಸ ನಿಮ್ಮ ಜಿಡ್ಡಲ್ಲಿ ಹೋಯ್ತು!"

ನನ್ನ ಸಿಟ್ಟು ಹಿಂದೆ ನಾವಿದ್ದ ವಡೋದರಾದ ಇಡೀ ರೈಲ್ವೆ ಕಾಲೊನಿಗೇ ಗೊತ್ತಿದ್ದದ್ದು. ನೀರು ಬೆರೆಸಿದ ಹಾಲಿನವನ ಕ್ಯಾನನ್ನು ನಡುಬೀದಿಯಲ್ಲಿ ಮಗುಚಿದವಳು ನಾನು. ಆವತ್ತು ಮಾತ್ರ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಎಷ್ಟು ತೊಳೆದರೂ ಹೋಗದ ಜಿಡ್ಡು ಆ ಮನೆಯಲ್ಲಿ ಯಾರು ಎಂದು ನನಗೆ ಬಿಡಿಸಿ ಹೇಳಬೇಕೇ? ಉಪ್ಪಿಟ್ಟಿನ ಬಾಣಲೆಗೆ ತಟ್ಟೆ ಮುಚ್ಚಿ ನನ್ನ ಕೋಣೆಗೆ ಹೋದೆ. ಅವಳೂ ಬಾಗಿಲು ತಟ್ಟಲಿಲ್ಲ. ಬೆಳಿಗ್ಗೆ ಅವಳು ಹೋದ ಮೇಲೆ ಹರೀಶನಿಗೆ ಫೋನು ಮಾಡಿ, "ಬಂದು ಕರ್ಕೊಂಡು ಹೋಗಪ್ಪ" ಎಂದೆ.

ಹರೀಶ ಭಾನುವಾರ ಬಂದ. ಯಾಕೆ, ಏನು ಎಂದು ಕೇಳಲಿಲ್ಲ. ಅವನಿಗೆ ಯಾವತ್ತೂ ಕಾರಣ ಬೇಕಿಲ್ಲ, ರೈಲಿನ ಹೊತ್ತು ತಿಳಿದರೆ ಸಾಕು. ಎಣ್ಣೆಯ ಬಾಟಲಿಯನ್ನು ಬೇಕೆಂದೇ ಅಡುಗೆಮನೆಯ ಶೆಲ್ಫಿನಲ್ಲಿ ಬಿಟ್ಟೆ. ಇನ್ನು ಅದು ಯಾರ ತಲೆಗೆ? ಗೌತಮಿ ಲಿಫ್ಟಿನ ತನಕ ಬಂದಳು. ಕಣ್ಣು ಕೆಂಪಗಿತ್ತು, ನಿದ್ದೆಯಿಲ್ಲದ್ದಕ್ಕೋ ಏನೋ.

"ಮಾತ್ರೆ ಬ್ಯಾಗಿನ ಮುಂದಿನ ಜಿಪ್ಪಲ್ಲಿದೆ ಅತ್ತೆ" ಎಂದಳು.

ನಾನು ಲಿಫ್ಟಿನ ಬಾಗಿಲು ಮುಚ್ಚುವ ತನಕ ಕಾದೆ. "ಬೇಡ, ಇರಿ" ಎಂದಿದ್ದರೆ ಬ್ಯಾಗು ಅಲ್ಲೇ ಎಸೆಯುತ್ತಿದ್ದೆ, ಪ್ರವೀಣನಾಣೆ. ಅವಳು ಅನ್ನಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

ಅಹಮದಾಬಾದಿನಿಂದ ಸೂರತ್ತಿಗೆ ಹೋಗುವ ರೈಲು ವಡೋದರಾದಲ್ಲಿ ನಿಲ್ಲುತ್ತದೆ. ನಮ್ಮ ಯಜಮಾನರು ಅಲ್ಲಿ ಗಾರ್ಡ್ ಆಗಿದ್ದರು, ಪ್ರತಾಪನಗರದ ರೈಲ್ವೆ ಕ್ವಾರ್ಟರ್ಸಿನಲ್ಲಿ ನನ್ನ ಇಬ್ಬರು ಮಕ್ಕಳೂ ಹುಟ್ಟಿ ಬೆಳೆದರು. ಪ್ರವೀಣ ಚಿಕ್ಕವನಿದ್ದಾಗ ಅಪ್ಪನ ಗಾಡಿ ಬರುವ ಹೊತ್ತಿಗೆ ನನ್ನ ಸೆರಗು ಎಳೆದುಕೊಂಡು ಸ್ಟೇಷನ್ನಿಗೆ ಹೊರಡಿಸುತ್ತಿದ್ದ. ಶನಿವಾರವಾದರೆ ಅವನ ಹಣೆಯ ಮೇಲೆ ಎಣ್ಣೆ ಇಳಿದು ಮಿಂಚುತ್ತಿತ್ತು. "ಮದರಾಸಿ ಬಾಬಾ" ಎಂದು ಚಾ ಮಾರುವವರು ಕೆನ್ನೆ ಹಿಂಡುತ್ತಿದ್ದರು. ನಾವು ಮದರಾಸಿನವರಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು.

ಪ್ಲಾಟ್‌ಫಾರ್ಮಿನಲ್ಲಿ ಈಗ ಎಲ್ಲ ಗ್ರಾನೈಟು, ಎಲ್ಲ ಪಳಪಳ. "ಅಮ್ಮ, ಚಾ ಬೇಕಾ?" ಎಂದು ಹರೀಶ ಮೊಬೈಲಿನಿಂದ ತಲೆಯೆತ್ತದೆ ಕೇಳಿದ.

"ನಿಮ್ಮಣ್ಣ ಇಲ್ಲೇ ಕಣೋ ಬಿದ್ದು ಮಂಡಿ ಒಡ್ಕೊಂಡಿದ್ದು" ಎಂದೆ.

"ಹೌದಾ? ನಂಗೆ ನೆನಪಿಲ್ಲ" ಎಂದ. ಅವನಾಗ ತೊಟ್ಟಿಲಲ್ಲಿದ್ದ, ಪಾಪ, ಎಲ್ಲಿಂದ ನೆನಪಿರಬೇಕು? ನೆನಪಿದ್ದ ಅಪ್ಪ, ಮಗ ಇಬ್ಬರೂ ಫೋಟೋ ಆಗಿದ್ದಾರೆ. ಗೌತಮಿಗೆ ಮಾತ್ರ ಆ ಮಂಡಿಯ ಕಲೆ ಗೊತ್ತಿತ್ತು, ಗಂಡನ ಮೈಮೇಲೆ ನೋಡಿದ್ದಳಲ್ಲ. ರೈಲು ಹೊರಟಾಗ ನಾನು ಅಳುತ್ತಿದ್ದೆ. ಹರೀಶ ಏಸಿ ತಣ್ಣಗಾಯಿತೆಂದುಕೊಂಡು ಕಂಬಳಿ ಹೊದಿಸಿದ.

ಸೂರತ್ತಿನಲ್ಲಿ ನನಗೆ ಏನು ಕೊರತೆ ಎಂದು ಕೇಳಿದರೆ ಹೇಳಲು ಬಾಯಿ ಬಾರದು. ಅಡಾಜಣದಲ್ಲಿ ಏಳನೆಯ ಮಹಡಿ, ನನಗೇ ಒಂದು ಕೋಣೆ, ಅದರಲ್ಲೊಂದು ಟೀವಿ. ಹರೀಶನ ಹೆಂಡತಿ ಅರ್ಚಿತಾ ದಾವಣಗೆರೆಯವಳು, ಬ್ಯಾಂಕಿನಲ್ಲಿ ಕೆಲಸ. ಮೃದು ಮಾತಿನ ಹುಡುಗಿ. "ಅತ್ತೆ, ನೀವೇನೂ ಮಾಡಬೇಡಿ, ಆರಾಮಾಗಿ ಕೂತ್ಕೊಳ್ಳಿ" ಎಂದು ದಿನವೂ ಹೇಳಿ ಹೋಗುತ್ತಿದ್ದಳು. ಹೇಳಿದಂತೆ ನಾನು ಕೂತೆ. ಕೂತು ಕೂತು ಸೋಫಾದಲ್ಲಿ ನನ್ನ ಗುರುತೊಂದು ಬಿದ್ದಿತು. ಕೆಳಗೆ ಆಟೋಗಳು ಕಿರುಚಿಕೊಂಡು ಓಡಾಡುತ್ತಿದ್ದವು, ಎಲ್ಲರಿಗೂ ಎಲ್ಲಿಗೋ ಹೋಗುವ ಅವಸರ. ಮೊಮ್ಮಗಳು ಮೇದಿನಿ ಒಂಬತ್ತನೆಯ ಕ್ಲಾಸು. ಬಂದ ಹೊಸದರಲ್ಲಿ "ಬಾರೇ, ತಲೆಗೆ ಒಂಚೂರು ಎಣ್ಣೆ ಇಡ್ತೀನಿ" ಎಂದು ಕರೆದೆ.

"ಪ್ಲೀಸ್ ಅಜ್ಜಿ, ಆಯಿಲ್ ಬೇಡ. ಫ್ರೆಂಡ್ಸ್ ಎಲ್ಲಾ ಮಜಾಕ್ ಮಾಡ್ತಾರೆ" ಎಂದಳು. ಹೇಳಿ, ನನಗೆ ಬೇಜಾರಾಗದಿರಲಿ ಎಂದು ಕೆನ್ನೆಗೊಂದು ಮುತ್ತು ಕೊಟ್ಟು ಓಡಿದಳು. ಅವಳ ತಪ್ಪೇನು? ಕೈ ಮಾತ್ರ ಹಾಗೇ ಚಾಚಿಕೊಂಡಿತ್ತು, ಮಡಿಲಿಗೆ ಎಳೆದುಕೊಂಡೆ.

ಎದುರು ಮನೆಯವರು ವಜ್ರದ ವ್ಯಾಪಾರಿಗಳು. ಆ ಹೆಂಗಸು ಒಂದು ಮಧ್ಯಾಹ್ನ ಢೋಕಳಾ ಕೊಡಲು ಬಂದು ಮಾತಿಗೆ ಕೂತಳು. ವಜ್ರಕ್ಕೆ ಜಿಡ್ಡೆಂದರೆ ಬಹಳ ಪ್ರೀತಿಯಂತೆ. ಬೆರಳು ತಗುಲಿದರೆ ಸಾಕು ಅಂಟಿಕೊಳ್ಳುತ್ತದೆ, ಅದಕ್ಕೇ ಆಸಿಡ್ಡಿನಲ್ಲಿ ಕುದಿಸಿ ತೊಳೆಯುತ್ತಾರೆ ಎಂದಳು. ನಾನು ಢೋಕಳಾ ಬಾಯಿಗಿಟ್ಟುಕೊಂಡವಳು ಹಾಗೇ ಕೂತೆ. ಎಲ್ಲಿ ಹೋದರೂ ಜಗತ್ತಿಗೆ ಜಿಡ್ಡಿನ ಮೇಲೇ ಸಿಟ್ಟು. ಕುದಿಸುವುದೊಂದು ಬಾಕಿ ನನ್ನನ್ನು, ಅಂದುಕೊಂಡೆ.

ಗೌತಮಿ ಭಾನುವಾರ ಫೋನು ಮಾಡುತ್ತಿದ್ದಳು. "ಹೇಗಿದೀರಾ ಅತ್ತೆ?" "ಇದೀನಮ್ಮ." "ಬಿಪಿ?" "ಇದೆ." ನೀರು ಸರಿಯಾಗಿ ಹರಿಯಿತೇ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಹರಿಯುತ್ತಿರಲೇಬೇಕಲ್ಲ, ಅಡ್ಡ ಬಂದದ್ದು ಊರು ಬಿಟ್ಟಿತಲ್ಲ. ಅದು ಸರಿಹೋಗಲಿ ಎಂದು ದೇವರಿಗೆ ದೀಪ ಹಚ್ಚುವಾಗ ಬೇಡಿಕೊಳ್ಳುತ್ತಿದ್ದೆ. ಸರಿಹೋಗಿಬಿಟ್ಟರೆ ನಾನು ಮತ್ತೆ ಆ ಮನೆಗೆ ಬೇಡವೇ ಆದೆನಲ್ಲ ಎಂದು ಅದೇ ದೀಪದ ಮುಂದೆ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ದೇವರಿಗೆ ಪಾಪ ಯಾವುದನ್ನು ನಡೆಸಿಕೊಡಬೇಕೆಂದು ತಿಳಿದಿರಲಿಕ್ಕಿಲ್ಲ.

ಹೋಳಿ ಕಳೆದ ಮೇಲಿನ ಒಂದು ಶನಿವಾರ. ಹರೀಶ, ಅರ್ಚಿತಾ, ಮೇದಿನಿ ಶಾಲೆಯ ಸಮಾರಂಭಕ್ಕೆ ಹೋಗಿದ್ದರು. ಕರೆಗಂಟೆ ಬಾರಿಸಿತು. ಬಾಗಿಲು ತೆಗೆದರೆ ಗೌತಮಿ.

ಸೊರಗಿದ್ದಳು. ಕೂದಲು ಒಣಹುಲ್ಲಿನ ಹಾಗೆ ಹಾರುತ್ತಿತ್ತು. ನೋಡಿದ ಕೂಡಲೇ ತಬ್ಬಿಕೊಳ್ಳಬೇಕೆನ್ನಿಸಿತು, ಬಿಗುಮಾನ ಬಿಡಬೇಕಲ್ಲ. "ಬಾ ಒಳಗೆ" ಎಂದು ಅಡುಗೆಮನೆಗೆ ಹೋಗಿ ಚಾ ಇಟ್ಟೆ. ಅವಳು ಹಿಂದೆಯೇ ಬಂದು ಬಾಗಿಲಿಗೊರಗಿ ನಿಂತಳು.

"ನೀರು ಸರಿಹೋಯ್ತು ಅತ್ತೆ."

"ಹೋಗದೆ ಏನು? ನಾನು ಹೊರಬಿದ್ದೆ, ಅದು ಸರಿಹೋಯ್ತು."

"ಇಲ್ಲ. ನೀವು ಇಲ್ಲಿಗೆ ಬಂದ್ಮೇಲೆ ಪೂರ್ತಿ ಕೆಟ್ಟೋಯ್ತು. ಸೋಮವಾರ ಒಂದೇ ಅಲ್ಲ, ದಿನಾ ಉಲ್ಟಾ."

ನಾನು ಒಲೆ ಸಣ್ಣಗೆ ಮಾಡಿ ತಿರುಗಿದೆ.

"ಎಣ್ಣೆ ಅಂಟಿದ್ರೆ ನೀರು ನಿಧಾನ ಆಗುತ್ತೆ, ಅಲ್ಲಲ್ಲಿ ಮುಗ್ಗರಿಸುತ್ತೆ. ಹಿಂದಕ್ಕೆ ಹರಿಯಲ್ಲ ಅತ್ತೆ. ಹಿಂದಕ್ಕೆ ಹರೀಬೇಕಾದ್ರೆ ಗೋಡೆನೇ ಮೈನಸ್ ಹೋಗಿ ಪ್ಲಸ್ ಆಗ್ಬೇಕು. ಎಣ್ಣೆಗೆ ಆ ಯೋಗ್ಯತೆ ಇಲ್ಲ. ಇದು ಓದೋ ಹುಡುಗರಿಗೂ ಗೊತ್ತಿರೋ ವಿಷಯ. ನಂಗೆ ಆವತ್ತು ಹೊಳೀಲೇ ಇಲ್ಲ."

"ಏನಂದೆ? ನಮ್ಮೆಣ್ಣೆಗೆ ಯೋಗ್ಯತೆ ಇಲ್ವಾ?"

ಅವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. "ನಮ್ಮ ಬಚ್ಚಲಲ್ಲಿ ಗುಲಾಬಿ ಬಾಟಲಿ ಇತ್ತಲ್ಲ, ಭಾನುವಾರ ಭಾನುವಾರ ಹಚ್ಕೋತಿದ್ದೆ, ಅದು ಕಂಡೀಷನರ್. ಕೂದಲೂ ಗಾಜಿನ ಹಾಗೇ ಮೈನಸ್ಸು. ಕಂಡೀಷನರಲ್ಲಿರೋದು ಪ್ಲಸ್ಸು, ಅದಕ್ಕೇ ಕೂದಲಿಗೆ ಕಚ್ಕೊಂಡು ನುಣ್ಣಗೆ ಮಾಡುತ್ತೆ. ಗಾಜಿಗೂ ಹಾಗೇ ಕಚ್ಕೊಳ್ಳುತ್ತೆ. ಕೂದಲು ಹಣೆಗೆ ಬಿದ್ರೆ ನಾನು ಕೈಗವಸು ಹಾಕಿರೋ ಬೆರಳಲ್ಲೇ ಹಿಂದಕ್ಕೆ ತಳ್ತೀನಿ. ಅದೇ ಬೆರಳಲ್ಲಿ ಗಾಜು ಹಿಡೀತೀನಿ. ನೀವು ಬಂದ್ಮೇಲೆ ಎಣ್ಣೆ ಇಲ್ದೆ ತಲೆ ಒಣಗೋಯ್ತು, ಕಂಡೀಷನರ್ ದಿನಾ ಹಚ್ಚೋಕೆ ಶುರುಮಾಡ್ದೆ. ಕೊನೆಗೆ ಒಂದು ಗಾಜಿಗೆ ನಿಮ್ಮ ಎಣ್ಣೆ ಸವರಿ ನೋಡ್ದೆ, ಇನ್ನೊಂದಕ್ಕೆ ಕಂಡೀಷನರ್ ನೀರಲ್ಲಿ ಕದಡಿ ಬಿಟ್ಟು ನೋಡ್ದೆ. ಎಣ್ಣೇದು ತೆವಳ್ಕೊಂಡು ಹೋದ್ರೂ ನೆಟ್ಟಗೆ ಹೋಯ್ತು. ಇನ್ನೊಂದು ನೋಡ್ತಾ ನೋಡ್ತಾ ತಿರುಗಿಬಿಡ್ತು."

"ಕೋತಿ ತಾನು ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸಿತ್ತಂತೆ" ಎಂದೆ.

"ಹೂಂ" ಎಂದಳು, ತಲೆ ತಗ್ಗಿಸಿಕೊಂಡು.

ದಿಲ್ಲಿಯವರು ಬಂದು ನೋಡಿದರಂತೆ, ಮುಂದುವರಿಸಿ ಎಂದರಂತೆ. ನನಗೆ ಸಂತೋಷವಾಯಿತು, ಸುಳ್ಳೇಕೆ? ನನ್ನ ಎಣ್ಣೆಯ ತಪ್ಪಲ್ಲ ಎಂದು ಎದೆಯುಬ್ಬಿಸಿ ಚಾ ಸೋಸಿದೆ. ಇಬ್ಬರೂ ನಡುಮನೆಯಲ್ಲಿ ಕೂತೆವು. ಗೆದ್ದೆನೆಂಬ ಸುಖ ಎರಡು ಗುಟುಕಿನ ತನಕ ಇತ್ತು. ಮೂರನೆಯದಕ್ಕೆ ಲೋಟವೆತ್ತಿದವಳಿಗೆ ಬೇರೆಯೇ ಹೊಳೆಯಿತು. ಇವಳು ಬಂದಿರುವುದು ಎಣ್ಣೆಯ ತಪ್ಪಲ್ಲ ಎಂದು ತಿಳಿದ ಮೇಲೆ. ತಿಳಿಯದೆ ಇದ್ದಿದ್ದರೆ?

ಲೋಟ ಕೆಳಗಿಟ್ಟೆ. "ಒಂದು ಮಾತು ಕೇಳ್ತೀನಿ, ಸುಳ್ಳು ಹೇಳ್ಬಾರದು. ತಪ್ಪು ನಮ್ಮೆಣ್ಣೇದೇ ಆಗಿದ್ದಿದ್ರೆ? ಆಗ ನನ್ನ ಇಲ್ಲೇ ಬಿಟ್ಬಿಡ್ತಿದ್ಯಾ?"

ಗೌತಮಿ ತನ್ನ ಲೋಟವನ್ನೂ ನನ್ನದರ ಪಕ್ಕ ಇಟ್ಟಳು. ಕೆಳಗೆ ಬಸ್ಸೊಂದು ಹಾರನ್ ಹಾಕುತ್ತ ಹೋಯಿತು.

"ತಲೆಗೊಂದು ಟೋಪಿ ಹಾಕ್ಕೊಂಡಿದ್ರೆ ಆಗ್ತಿತ್ತು ಅತ್ತೆ" ಎಂದಳು. "ಲ್ಯಾಬಲ್ಲಿ ಹಾಕ್ಕೊಳ್ಳೋ ತೆಳ್ಳಗಿನ ಟೋಪಿ. ಅಷ್ಟೇ ಇದ್ದದ್ದು. ಎಣ್ಣೇದೇ ತಪ್ಪಾಗಿದ್ರೂ ಅಷ್ಟೇ."

"ಮತ್ತೆ ಆವತ್ತು ಯಾಕೆ ಹಂಗಂದೆ?"

"ಯಾರಿಗಾದ್ರೂ ಅನ್ಬೇಕಿತ್ತು. ಪ್ರವೀಣ್ ಇದ್ದಿದ್ರೆ ಅವರಿಗೆ ಅಂತಿದ್ದೆ. ಮನೇಲಿ ಇದ್ದೋರು ನೀವೊಬ್ಬರೇ. ಲಿಫ್ಟ್ ಹತ್ರ ಬೇಡ ಅನ್ನೋಣ ಅಂತ ಬಾಯಿವರೆಗೆ ಬಂತು. ಇವರಿಗೆ ಮಗ ಇದಾನೆ, ನಾನ್ಯಾರು ತಡೆಯೋಕೆ ಅನ್ನಿಸ್ತು. ಇವತ್ತು ಬರುವಾಗ್ಲೂ ವಡೋದರಾದಲ್ಲಿ ಇಳಿದು ವಾಪಸ್ ಹೋಗ್ಬಿಡೋಣ ಅಂತ ಬಾಗಿಲ ತನಕ ಹೋಗಿದ್ದೆ."

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೊತ್ತಿಯೂ ಇರಲಿಲ್ಲ. ಅವಳೂ ಲಿಫ್ಟಿನ ಹತ್ತಿರ ನನ್ನ ಬಾಯಿಂದ ಒಂದು ಮಾತಿಗೆ ಕಾದಿದ್ದಳೇನೋ ಎಂದು ಅಷ್ಟೂ ದಿನ ನನಗೆ ಹೊಳೆದಿರಲೇ ಇಲ್ಲ. ನನ್ನ ಬಾಯೇನು ಯಾರಾದರೂ ಹೊಲಿದಿದ್ದರೇ?

"ಅಲ್ವೇ, ಅಷ್ಟೊಂದು ಸಾಬೂನು ಬಾಟಲಿ ಕೊಂಡು ಕದ್ದು ಕದ್ದು ತೊಳ್ಕೊಳ್ಳೋ ಬದಲು, ಎಣ್ಣೆ ಬೇಡ ಅತ್ತೆ ಅಂದಿದ್ರೆ ಆಗ್ತಿರ್ಲಿಲ್ವಾ?" ಎಂದೆ.

"ಲ್ಯಾಬಲ್ಲಿ ಹುಡುಗೀರು ವಾಸನೆ ಅಂತ ನಗ್ತಿದ್ರು. ಒಂದ್ಸಲ ಹೇಳ್ಬಿಡೋಣ ಅಂತಲೂ ಇದ್ದೆ" ಎಂದಳು. ಮೂಗು ಒರೆಸಿಕೊಂಡಳು. "ಬೇಡ ಅಂದಿದ್ರೆ ಶನಿವಾರ ನಾವಿಬ್ಬರೂ ಏನು ಮಾಡ್ತಿದ್ವಿ ಅತ್ತೆ?"

ನಾನು ಅತ್ತುಬಿಟ್ಟೆ, ಜೋರಾಗಿಯೇ. ಎದುರು ಮನೆಯ ವಜ್ರದವಳಿಗೂ ಕೇಳಿಸಿರಬೇಕು.

ಗೌತಮಿ ಚೀಲದ ಜಿಪ್ಪು ಎಳೆದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬಾಟಲಿ ಹೊರತೆಗೆದಳು. ನನ್ನ ಎಣ್ಣೆ ಬಾಟಲಿ. ಕವರಿಗೆಲ್ಲ ಸೋರಿ ಅವಳ ದುಪಟ್ಟಾಕ್ಕೂ ಹತ್ತಿತ್ತು. ಅವಳು ಜಡೆ ಬಿಚ್ಚಿಕೊಂಡು, ಹೇಳದೆ ಕೇಳದೆ, ಬಂದು ನನ್ನ ಮಂಡಿಗಳ ನಡುವೆ ಬೆನ್ನು ಮಾಡಿ ಕೂತಳು. ಬಿಸಿ ಮಾಡುವಷ್ಟು ತಾಳ್ಮೆ ನನಗಿರಲಿಲ್ಲ. ಅಂಗೈಗೆ ಸುರಿದು ನೆತ್ತಿಗೆ ಒತ್ತಿದೆ. ಒಣಗಿದ ನೆತ್ತಿ ಎಣ್ಣೆಯನ್ನು ಗಟಗಟ ಕುಡಿಯಿತು.

"ಟೋಪಿ ತಗೊಂಡಿದೀಯಾ?" ಎಂದೆ.

"ಇನ್ನೂ ಇಲ್ಲ."

"ನಿಂಗೆ ಯಾವಾಗ್ಲೂ ಹಂಗೇ, ಹೊತ್ತಾದ್ಮೇಲೆ ಜ್ಞಾನ. ನಾಳೆ ಅಹಮದಾಬಾದಲ್ಲಿ ಇಳಿದ ತಕ್ಷಣ ಮೊದಲು ಅಂಗಡಿಗೆ ಹೋಗ್ಬೇಕು. ನಾನೇ ಬಂದು ನೋಡಿ ತೆಗೆಸ್ತೀನಿ."

ಅವಳು ತಲೆಯನ್ನು ಹಿಂದಕ್ಕೆ ವಾಲಿಸಿ ನನ್ನ ಮಂಡಿಯ ಮೇಲಿಟ್ಟಳು, ನನ್ನ ಸೀರೆಗೆಲ್ಲ ಎಣ್ಣೆಯಾಯಿತು.